ನಾನು ಬರೆದುಕೊಟ್ಟ ಕಷ್ಟ

ಟೀವಿಯಲ್ಲಿ ಐದು ಕುರ್ಚಿಗಳ ಒಂದು ಕಾರ್ಯಕ್ರಮ ಬರುತ್ತದೆ. ಕುರ್ಚಿಯಲ್ಲಿ ಕೂತವರು ದುಡ್ಡಿದ್ದವರು, ಎದುರಿಗೆ ನಿಂತವರು ದುಡ್ಡು ಬೇಕಾದವರು. ಉಪ್ಪಿನಕಾಯಿ ಮಾಡುವ ಹೆಣ್ಣುಮಗಳು, ಎಮ್ಮೆ ಹಾಲಿನಿಂದ ಸಾಬೂನು ತೆಗೆದ ಗಂಡಸು, ಹೀಗೆ ಒಬ್ಬೊಬ್ಬರಾಗಿ ಬಂದು ತಮ್ಮ ವ್ಯಾಪಾರದ ಕತೆ ಹೇಳುತ್ತಾರೆ. ಕುರ್ಚಿಯವರಿಗೆ ಮನಸ್ಸು ಬಂದರೆ ಬಂಡವಾಳ ಹಾಕುತ್ತಾರೆ, ಇಲ್ಲದಿದ್ದರೆ ಬುದ್ಧಿ ಹೇಳಿ ಕಳಿಸುತ್ತಾರೆ. ಎಡಗಡೆಯಿಂದ ಎರಡನೆಯ ಕುರ್ಚಿಯಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಬುದ್ಧಿ ಹೇಳುವವನು ನಮ್ಮ ಇಳಕಲ್ಲಿನವನು. ಏಳನೆಯ ಇಯತ್ತೆಯಲ್ಲಿ ನನ್ನ ಪಕ್ಕ ಕೂತು ನನ್ನ ಗಣಿತ ನೋಡಿ ಬರೆದವನು. ಅದನ್ನೂ ತಪ್ಪಾಗಿ ಬರೆದವನು.

ಅವನನ್ನು ನಾವು ಸಾಹುಕಾರ ಎನ್ನುತ್ತೇವೆ. ಈಗ ಶ್ರೀಮಂತನಾದನೆಂದು ಇಟ್ಟ ಹೆಸರಲ್ಲ, ಚಡ್ಡಿ ಹಾಕುತ್ತಿದ್ದ ಕಾಲದಲ್ಲೇ ಇತ್ತು. ಅವರಪ್ಪನದು ಬಜಾರದಲ್ಲಿ ದೊಡ್ಡ ಸೀರೆ ಅಂಗಡಿ. ಅವರವ್ವ ಮಧ್ಯಾಹ್ನದ ಹೊತ್ತು ಅಂಗಡಿಯ ಗಾದಿಯ ಮೇಲೆ ಕೂತು, ಎಲೆ ಅಡಿಕೆ ಮೆಲ್ಲುತ್ತ, ದೂರದಿಂದಲೇ ಸೀರೆ ನೋಡಿ ಯಾವ ಓಣಿಯ ಮಗ್ಗದ್ದೆಂದು ಹೇಳುತ್ತಿದ್ದರು. ಅಂಥ ಕಣ್ಣು ಅವರದು. ಶಾಲೆಗೆ ಅವನು ತರುತ್ತಿದ್ದ ಶೇಂಗಾ ಉಂಡಿಯಲ್ಲಿ ಅರ್ಧ ನನಗೆ, ನನ್ನ ಗಣಿತದಲ್ಲಿ ಪೂರ್ತಿ ಅವನಿಗೆ. ಅವನ ಬಾಲ್ಯದಲ್ಲಿ ಕಷ್ಟವೆಂಬುದು ಬಂದದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಉಂಡಿ ತಿಂದು ತಿಂದು ದವಡೆಹಲ್ಲು ನೋವಾಗಿತ್ತು.

ಸುಳ್ಳು ಯಾಕೆ ಹೇಳಲಿ, ಮಾರುವ ಕಲೆ ಅವನಿಗೆ ಹುಟ್ಟಿನಿಂದ ಬಂದಿತ್ತು. ಕಾಲೇಜು ಅರ್ಧಕ್ಕೆ ಬಿಟ್ಟು ಕುಳಗೇರಿ ಕ್ರಾಸಿನಲ್ಲಿ ಒಂದು ಸಣ್ಣ ಸೀರೆ ಅಂಗಡಿ ಹಾಕಿದ. ಅಲ್ಲಿ ಬಸ್ಸುಗಳು ಚಹಾಕ್ಕೆ ನಿಲ್ಲುತ್ತಿದ್ದವು. ಡ್ರೈವರ ಚಹಾ ಕುಡಿದು ಮುಗಿಸುವುದರೊಳಗೆ ಇವನು ಕಿಟಕಿಯಿಂದ ಕಿಟಕಿಗೆ ಸೆರಗು ಬಿಚ್ಚಿ ತೋರಿಸಿ, ತವರಿಗೆ ಹೊರಟ ಹೆಣ್ಣುಮಕ್ಕಳ ಮಡಿಲಲ್ಲಿ ಸೀರೆ ಇಟ್ಟುಬಿಡುತ್ತಿದ್ದ. ಬಸ್ಸು ಹೊರಡುವಾಗ ವಾಪಸು ಕೊಡುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ. ಆಮೇಲೆ ಪವರ್‌ಲೂಮ್ ಹಾಕಿದ. ಆಮೇಲೆ ಇಳಕಲ್ ಅಂಚಿನ ಚೀಲ, ಇಳಕಲ್ ಅಂಚಿನ ಟೈ, ಇಳಕಲ್ ಅಂಚಿನ ಮೊಬೈಲ್ ಕವರು. ಒಂದು ದಿನ ನಾಯಿಯ ಕೊರಳಪಟ್ಟಿಗೂ ಇಳಕಲ್ ಅಂಚು ಬಂತು. ಕಂಪನಿ ಬೆಳೆಯಿತು, ಬೆಂಗಳೂರಿಗೆ ಹೋಯಿತು, ಅದರ ಹಿಂದೆ ಅವನೂ ಹೋದ. ಕೊನೆಗೆ ಆ ಎರಡನೆಯ ಕುರ್ಚಿ ಬಂತು.

ಕುರ್ಚಿಯಲ್ಲಿ ಕೂತವನ ಭಾಷೆ ಬೇರೆ. 'ನಿಮ್ಮ ಪ್ರಾಡಕ್ಟ್ ಚೆನ್ನಾಗಿದೆ, ಆದರೆ ನನಗೆ ನಿಮ್ಮ ವಿಷನ್ ಕಾಣಿಸ್ತಾ ಇಲ್ಲ' ಎನ್ನುತ್ತಾನೆ. ಇಳಕಲ್ಲಿನಲ್ಲಿ ಯಾರೂ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಅಳುವ ಹೊತ್ತು ಬಂದಾಗ ಮಾತ್ರ ಅವನಿಗೆ ಊರು ನೆನಪಾಗುತ್ತದೆ. ಕನ್ನಡಕ ತೆಗೆದು, 'ನಮ್ಮವ್ವ ಭಾಳ ಕಷ್ಟಪಟ್ಟಾಳ್ರಿ' ಎನ್ನುತ್ತಾನೆ. ಹಿಂದಿನಿಂದ ಕೊಳಲು ಶುರುವಾಗುತ್ತದೆ. ಉಪ್ಪಿನಕಾಯಿಯವಳು ತನ್ನ ಕಷ್ಟ ಮರೆತು ಅವನನ್ನೇ ಸಮಾಧಾನ ಮಾಡುತ್ತಾಳೆ.

ಟೀವಿಯ ಜೊತೆಗೆ ದಾನಧರ್ಮವೂ ಶುರುವಾಯಿತು. ಕೆರೂರ ಬಸ್‌ಸ್ಟ್ಯಾಂಡಿನಲ್ಲಿ ಕಲ್ಲಿನ ಬೆಂಚು ಹಾಕಿಸಿದ, ಬೆನ್ನಾನಿಕೆಗೆ ತನ್ನ ಹೆಸರು ಕೆತ್ತಿಸಿದ. ಜನ ಕೂತರೆ ಹೆಸರು ಮುಚ್ಚಿಹೋಗುತ್ತಿತ್ತು. ಆದ್ದರಿಂದ ಎರಡನೆಯ ಕಂತಿನ ಬೆಂಚುಗಳಿಗೆ ಬೆನ್ನು ಆನಿಸಲಾಗದಷ್ಟು ಎತ್ತರದಲ್ಲಿ ಬೋರ್ಡು ಬಂತು. ನಾನು ಕನ್ನಡ ಮಾಸ್ತರನಾಗಿದ್ದ ಹುನಗುಂದದ ಹೈಸ್ಕೂಲಿಗೆ ಅವನ ಮುಖ ಅಚ್ಚಾದ ಪಾಟೀಚೀಲಗಳು ಬಂದವು. ಒಂದು ವಾರದಲ್ಲೇ ಎಲ್ಲ ಮುಖಗಳಿಗೂ ಪೆನ್ನಿನ ಮೀಸೆ ಬಂದಿತ್ತು. ನಾನು ಬೈದೆ. ಆದರೆ ಜೋರಾಗಿ ಬೈಯಲಿಲ್ಲ.

ಎಲ್ಲಕ್ಕಿಂತ ಹೆಚ್ಚು ನಗು ಬಂದದ್ದು ಕಂಬಳಿ ಕೊಟ್ಟ ದಿನ. ಬದಾಮಿ ಕಡೆಯ ಬೀರಪ್ಪನ ಒಕ್ಕಲಿನ ಕುರುಬರಿಗೆ, ಅಜ್ಜ ಮುತ್ತಜ್ಜಂದಿರ ಕಾಲದಿಂದ ಉಣ್ಣೆ ಕತ್ತರಿಸಿ ಕಂಬಳಿ ನೇಯ್ದುಕೊಂಡು ಬಂದ ಜನಕ್ಕೆ, ಇವನು ಲಾರಿ ತುಂಬ ಯಂತ್ರದ ಬ್ಲ್ಯಾಂಕೆಟ್ ತಂದು ಹಂಚಿದ. ಹೆಗಲ ಮೇಲೆ ಕರಿ ಕಂಬಳಿ ಹೊದ್ದ ಮುದುಕನೊಬ್ಬ ಅದನ್ನು ತೆಗೆದುಕೊಂಡು, ಮುಟ್ಟಿ ನೋಡಿ, ಭಾಳ ಮರ್ಯಾದೆಯಿಂದ ಕೇಳಿದ: "ಇದು ಕುರಿಗೆ ಹೊಚ್ಚಾಕ ಏನ್ರಿ ಸಾವ್ಕಾರ?" ಸಾಹುಕಾರ ನಕ್ಕ. ಮುದುಕ ನಗಲಿಲ್ಲ, ಅವನು ಖರೆ ಕೇಳಿದ್ದ.

ಇಷ್ಟು ಹೊತ್ತು ಅವನನ್ನು ಆಡಿಕೊಂಡೆ. ಇನ್ನು ನನ್ನ ಸರದಿ.

ನಮ್ಮದು ನೇಕಾರರ ಮನೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ, ಅವ್ವ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಅಂದರೆ ಉದ್ದದ ಎಳೆಗಳು; ಸೆರಗಿಗೆ ಬೇರೆಯದೇ ಕೆಂಪು ರೇಷ್ಮೆಯ ಹಾಸು. ನೇಯುವ ಮೊದಲು ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕುಣಿಕೆಯೊಳಗೆ ಕುಣಿಕೆ ಸೇರಿಸಿ ಹೆಣೆಯಬೇಕು. ಅದೇ ಕೊಂಡಿ. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು. ಹಾಗೆ ಮಾಡಿದ್ದಕ್ಕೇ ನಮ್ಮ ಸೆರಗು ಹಾಸಿನಲ್ಲೂ ಹೊಕ್ಕಿನಲ್ಲೂ ಕೆಂಪಾಗಿ ಉರಿಯುತ್ತದೆ. ನೇಕಾರರ ಮನೆಯ ಹೆಂಗಸಿನ ಕೈಗೆ ಯಾವ ಸೀರೆ ಕೊಟ್ಟರೂ ಅವಳ ಹೆಬ್ಬೆರಳು ಮೊದಲು ಮಗ್ಗುಲು ಮಗುಚಿ ಕೊಂಡಿಯ ಗೆರೆ ಹುಡುಕುತ್ತದೆ. ಬಣ್ಣ, ಅಂಚು, ಎಲ್ಲ ಆಮೇಲೆ.

ಅಪ್ಪ ಹೋದ ಮೇಲೂ ಅವ್ವ ಕೊಂಡಿ ಬಿಡಲಿಲ್ಲ. ನನ್ನ ಪಗಾರ ಬರುತ್ತಿತ್ತು, ದುಡಿಯಲೇಬೇಕಾದ ಹಂಗು ಇರಲಿಲ್ಲ. "ಕೈ ಸುಮ್ಮನ ಕುಂತ್ರ ನಾನೂ ಸುಮ್ಮನ ಆಗ್ತೇನಿ" ಎನ್ನುತ್ತಿದ್ದಳು. ಓಣಿಯ ಮೂಲೆಮನೆಯ ನೇಕಾರ ಎರಡು ಮೂರು ದಿನಕ್ಕೊಮ್ಮೆ ಹಾಸಿನ ಗಂಟು ತಂದಿಡುತ್ತಿದ್ದ. ಬಾಯಿಬಡುಕ ಮನುಷ್ಯ. ಹೊಸ್ತಿಲು ದಾಟುವುದಕ್ಕೆ ಮೊದಲೇ, "ಅಜ್ಜೀ, ಇವತ್ತ ಒಡಲು ನೀಲಿ!" ಎಂದೋ, "ಒಡಲು ಗಿಳಿಹಸರ ನೋಡಬೇ!" ಎಂದೋ ಕೂಗಿಕೊಂಡು ಬರುತ್ತಿದ್ದ. ಕಣ್ಣಿದ್ದವರಿಗೆ ಬಣ್ಣ ಹೇಳುವ ಈ ಚಟ ಯಾಕಪ್ಪಾ ಎಂದು ನಾನು ಬೈದುಕೊಳ್ಳುತ್ತಿದ್ದೆ.

ಅವ್ವನಿಗೆ ಕಣ್ಣು ಕಾಣುವುದಿಲ್ಲವೆಂದು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಕಿಟಕಿಯ ಪಕ್ಕ ಕೊಂಡಿ ಹಾಕುತ್ತಿದ್ದಳು. ಎದುರಿಗೆ ಹೋಗಿ ನಿಂತೆ, ನೋಡಲಿಲ್ಲ. ಕೈ ಬೀಸಿದೆ, ನೋಡಲಿಲ್ಲ. ಬೆರಳು ಮಾತ್ರ ಒಂದೂ ಎಳೆ ತಪ್ಪದೆ ನಡೆದಿದ್ದವು. ಉಸಿರಿನ ಸದ್ದಿಗೆ ನಾನೆಂದು ಗುರುತಿಸಿ ನನ್ನ ಕೈ ಹಿಡಿದುಕೊಂಡಳು.

"ಯಾರ ಮುಂದೂ ಹೇಳಬ್ಯಾಡಪಾ. ಕುರುಡಿ ಅಂತ ಗೊತ್ತಾದ್ರ ಹಾಸು ತರೂದು ಬಿಡ್ತಾರ."

ದವಾಖಾನೆಗೆ ಕರೆದುಕೊಂಡು ಹೋದೆ. ತಡವಾಗಿದೆ ಎಂದರು. ಅವ್ವ ಅದಕ್ಕೆ ಅಳಲಿಲ್ಲ, ಹಾಸು ಬರುವುದು ನಿಂತೀತೆಂದು ಮಾತ್ರ ಹೆದರಿದಳು. ನಾನು ಆಣೆ ಮಾಡಿದೆ. ಆ ಗುಟ್ಟನ್ನು ನಾಲ್ಕು ವರ್ಷ ಕಾಪಾಡಿದೆ. ಐದನೆಯ ವರ್ಷ ಫೋನು ಬಂತು.

ಬೆಂಗಳೂರಿನ ಒಬ್ಬ ಹೆಣ್ಣುಮಗಳು, ಸಾಹುಕಾರನ ಸಂಸ್ಥೆಯವಳು. ದನಿ ಜೇನಿನಂತಿತ್ತು. ಅವನ ಜೀವನದ ಮೇಲೆ ಟೀವಿಯಲ್ಲಿ ವಿಶೇಷ ಸಂಚಿಕೆ ಬರುವುದಿದೆಯಂತೆ. "ಸರ್ ಹೇಳಿದ್ರು, ಊರಲ್ಲಿ ನಿಮ್ಮಷ್ಟು ಚೆನ್ನಾಗಿ ಕನ್ನಡ ಬರೆಯೋರು ಯಾರೂ ಇಲ್ವಂತೆ. ಅವರ ಬಾಲ್ಯದ ಕಷ್ಟಗಳನ್ನ ಸ್ವಲ್ಪ ಬರೆದುಕೊಡ್ತೀರಾ?"

ದವಡೆಹಲ್ಲಿನ ಕತೆ ಹೇಳಬೇಕಿತ್ತು ನಾನು. ಆದರೆ 'ನಿಮ್ಮಷ್ಟು ಚೆನ್ನಾಗಿ' ಎಂಬ ಮಾತು ಕಿವಿಯಲ್ಲಿ ಇಳಿದುಬಿಟ್ಟಿತ್ತು. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವನು ನಾನು. ನನ್ನ ಪ್ರಬಂಧವನ್ನು ಯಾರೂ ಕೇಳಿರಲಿಲ್ಲ. ಎರಡು ದಿನ ಕೂತು ನಾಲ್ಕು ಪುಟ ಬರೆದೆ. ಕಿಟಕಿಯ ಪಕ್ಕ ಕೂತು ಕೊಂಡಿ ಹಾಕುವ ತಾಯಿ. ಕಣ್ಣು ಹೋದರೂ ಯಾರಿಗೂ ಹೇಳದೆ, ಬೆರಳಿನಿಂದಲೇ ನೋಡಿ, ಕೆಲಸ ತಪ್ಪೀತೆಂದು ಗುಟ್ಟು ಮಾಡಿದ ತಾಯಿ. ಬರೆದು ಮುಗಿಸಿ ಗಟ್ಟಿಯಾಗಿ ಓದಿಕೊಂಡೆ, ಕಣ್ಣಲ್ಲಿ ನೀರು ಬಂತು. ಎಂಥ ಗದ್ಯ ಎಂದು ಬಂದ ನೀರು ಅದು. ಅವ್ವನಿಗಾಗಿ ಅಲ್ಲ.

ಆ ಹೆಣ್ಣುಮಗಳು ಮತ್ತೆ ಫೋನು ಮಾಡಿದಳು. "ಸರ್, ಅದ್ಭುತ! ಆದರೆ ಇದು... ನಮ್ಮ ಸರ್ ಅವರ ತಾಯಿಯ ಕತೆನಾ?"

"ಊರಿನ ಒಬ್ಬ ತಾಯಿಯ ಕತೆ," ಎಂದೆ.

"ಸರ್ ಅವರ ತಾಯಿ ಅಂತ ತೋರಿಸಬಹುದಾ?"

ಆಗ ನಾನು ಹೇಳಿದ ಮಾತು ಈಗಲೂ ನನ್ನ ನಾಲಿಗೆಯ ಮೇಲೆ ಕಹಿಯಾಗಿ ಕೂತಿದೆ. "ತೋರಿಸಿರಿ ಬಿಡಮ್ಮ. ಯಾರ ಅವ್ವ ಆದರೇನು, ಅವ್ವ ಅವ್ವನೇ." ಅವಳು ಅದನ್ನೂ ಬರೆದುಕೊಂಡಳು, ಕೊನೆಯ ಸಾಲಿಗೆ ಚೆನ್ನಾಗಿರುತ್ತದೆ ಎಂದು.

ಸಂಚಿಕೆ ಬಂದ ಸಂಜೆ ಅವ್ವ ಎಂದಿನಂತೆ ಟೀವಿಯ ಎದುರು ಕೂತಿದ್ದಳು. ಅವಳಿಗೆ ಟೀವಿ ಕೇಳುವುದಕ್ಕೆ ಇರುವ ವಸ್ತು. ಸಾಹುಕಾರ ಕನ್ನಡಕ ತೆಗೆದ, ಕೊಳಲು ಶುರುವಾಯಿತು. ನನ್ನ ಸಾಲುಗಳು ಒಂದೊಂದಾಗಿ ಬಂದವು, ಕಾಮಾ ಇದ್ದಲ್ಲಿ ಉಸಿರು, ಪೂರ್ಣವಿರಾಮ ಇದ್ದಲ್ಲಿ ಕಣ್ಣೀರು. ಅವ್ವನ ಕೈ ಮಡಿಲಲ್ಲಿ ನಿಂತುಹೋಯಿತು.

"ಅವರವ್ವಗ ಕಣ್ಣ ಕಾಣ್ತಿರಲಿಲ್ಲೇನು?" ಎಂದಳು.

"ಇದ್ದೀತು," ಎಂದೆ.

ಅವಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮರುದಿನದಿಂದ ಓಣಿಯಲ್ಲಿ ಗುಸುಗುಸು. ಸಾಹುಕಾರನ ತಾಯಿ ಬದುಕಿದ್ದಾಗ ಕೊಂಡಿಯ ಎಳೆ ಮುಟ್ಟಿದವರೇ ಅಲ್ಲ, ಊರಿಗೆಲ್ಲ ಗೊತ್ತು. ಹಾಗಾದರೆ ಈ ಕುರುಡ ತಾಯಿ ಯಾರು? ಈ ಗುಸುಗುಸು ಕೇಳಿ ಬೆಂಗಳೂರಿನಿಂದ ಟೀವಿಯವರು ಕ್ಯಾಮೆರಾ ಹೊತ್ತು ಬಂದು ಓಣಿ ಓಣಿ ಸುತ್ತತೊಡಗಿದರು. ಮೂಲೆಮನೆಯ ನೇಕಾರ ಬರುವುದು ನಿಲ್ಲಿಸಿದ. ಮೂರು ದಿನವಾಯಿತು, ಆರು ದಿನವಾಯಿತು, ಹಾಸು ಬರಲಿಲ್ಲ. ಬಾಗಿಲ ಕಡೆ ಕಿವಿ ಕೊಟ್ಟು ಅವ್ವ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದಳು. ಖಾಲಿ ಬೆರಳುಗಳು ಸೀರೆಯ ಸೆರಗಿನ ಗೊಂಡೆಯನ್ನು ಬಿಚ್ಚುತ್ತಿದ್ದವು, ಕಟ್ಟುತ್ತಿದ್ದವು. ನನಗೆ ಅನ್ನ ಸೇರಲಿಲ್ಲ. ಬಾಯಿ ಬಿಡುವ ಧೈರ್ಯವೂ ಆಗಲಿಲ್ಲ. ನನ್ನಂಥ ಹೇಡಿ ಮಾಸ್ತರ ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಎಂಟನೆಯ ದಿನ ಸಾಹುಕಾರನೇ ಇಳಕಲ್ಲಿಗೆ ಬಂದ. ಕಲ್ಯಾಣಮಂಟಪದಲ್ಲಿ 'ಕೊಂಡಿ ತಾಯಂದಿರಿಗೆ ನಮನ' ಎಂಬ ಕಾರ್ಯಕ್ರಮ, ಉಡಿ ತುಂಬಿ ಸೀರೆ ಕೊಡುವುದು. ನನ್ನನ್ನು ಕಂಡು ಹೆಗಲ ಮೇಲೆ ಕೈ ಹಾಕಿದ. "ಲೇ ಮಾಸ್ತರ, ಏನ್ ಬರದೀಯೋ ಮಾರಾಯಾ! ನನ್ನ ಕಷ್ಟ ಕೇಳಿ ನನಗs ಅಳು ಬಂತಲೇ." ಆಮೇಲೆ ದನಿ ಇಳಿಸಿ, "ದೊಡ್ಡವ್ವನ್ನ ಕರಕೊಂಡ ಬಾ. ಆಕೀದ ಮೊದಲ ಮರ್ಯಾದಿ" ಎಂದ. ಹುಡುಗತನದಿಂದಲೂ ಅವ್ವನನ್ನು ಅವನು ಕರೆಯುವುದು ದೊಡ್ಡವ್ವ ಎಂದೇ.

ಅವ್ವ ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಅವಳು ಆಗಲೇ ಟ್ರಂಕಿನ ಸೀರೆ ಉಟ್ಟು ಕೂತಿದ್ದಳು.

ವೇದಿಕೆಯ ಮೇಲೆ ಅವಳ ಮೊಣಕೈ ಹಿಡಿದು ನಿಂತೆ. ಯಾರೂ ಗಮನಿಸದ ಹಾಗೆ ನಡೆಸಿಕೊಂಡು ಹೋಗುವುದು ನನಗೆ ಅಭ್ಯಾಸವಾಗಿತ್ತು. ಸಾಹುಕಾರ ಬಗ್ಗಿ ಕಾಲು ಮುಟ್ಟಿದ. ಕ್ಯಾಮೆರಾದವನಿಗೆ ಸಿಗಲಿಲ್ಲವೆಂದು ಇನ್ನೊಮ್ಮೆ ಮುಟ್ಟಿದ. ಸೀರೆಯನ್ನು ಅವ್ವನ ಕೈಗಿಟ್ಟ. ಕೂಡಲೇ ಅವಳ ಹೆಬ್ಬೆರಳು ಹೊರಟಿತು. ಮಡಿಕೆ ಬಿಡಿಸಿತು, ಮಗ್ಗುಲು ಮಗುಚಿತು, ಸೆರಗು ಶುರುವಾಗುವ ಜಾಗಕ್ಕೆ ಹೋಯಿತು. ಅಲ್ಲಿಂದ ಮುಂದೆ ಹೋಯಿತು, ಹಿಂದೆ ಬಂತು.

"ತಮ್ಮಾ," ಎಂದಳು, "ಇದರ ಕೊಂಡಿ ಎಲ್ಲೈತಿ?"

ಮೈಕು ಹತ್ತಿರವೇ ಇತ್ತು. ಮಂಟಪದ ಹಿಂದಿನ ಸಾಲಿಗೂ ಕೇಳಿಸಿತು. ಸೀರೆ ಪಡೆಯಲು ಸಾಲಿನಲ್ಲಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ದೊಡ್ಡವ್ವಾ, ಇದು ಹೊಸಾ ಟೈಪ್," ಎಂದು ಸಾಹುಕಾರ ನಕ್ಕ. "ಸೀಮ್‌ಲೆಸ್ ಅಂತ. ಮಷೀನಿಂದು. ಕೊಂಡಿ ಬೇಕಾಗೂದs ಇಲ್ಲ."

"ಕೊಂಡಿ ಹಾಕಾಕಿಗೆ ಕೊಂಡಿ ಇಲ್ಲದ ಸೀರಿ ತಂದೀ?"

ಆ ಜೇನು ದನಿಯ ಹೆಣ್ಣುಮಗಳು ಕೆಳಗಿನಿಂದ ಕೂಗಿದಳು, "ಅಮ್ಮಾ, ಕ್ಯಾಮೆರಾ ಕಡೆ ನೋಡಿ ಅಮ್ಮಾ!" ಅವ್ವ ದನಿ ಬಂದ ಕಡೆ ತಿರುಗಿದಳು. ಕ್ಯಾಮೆರಾ ಇದ್ದದ್ದು ಇನ್ನೊಂದು ಕಡೆ. "ಈ ಕಡೆ ಅಮ್ಮಾ, ಇಲ್ಲಿ ನೋಡಿ!" ಎಂದರು. ಅವ್ವ ನೋಡಲಿಲ್ಲ. ಇಡೀ ಮಂಟಪಕ್ಕೆ ಗೊತ್ತಾಯಿತು.

ಅವ್ವ ಗಾಳಿಯಲ್ಲಿ ಕೈ ಚಾಚಿ ಸಾಹುಕಾರನ ಗಲ್ಲ ಮುಟ್ಟಿದಳು. "ನಿಮ್ಮವ್ವ ನಾ ಕೊಂಡಿ ಹಾಕಿದ ಸೀರಿ ಬಿಟ್ಟ ಬ್ಯಾರೆ ಉಡ್ತಿರಲಿಲ್ಲಪಾ. ಎಷ್ಟ ಚಂದ ಕಣ್ಣ ಇದ್ದೂ ಆಕೀವು. ದೂರಿಂದ ನೋಡಿ ನನ್ನ ಕೊಂಡಿ ಗುರ್ತ ಹಿಡೀತಿದ್ಲು. ಅಂಥಾಕಿ ಕಣ್ಣ ಯಾಕ ಕಳದ್ಯೋ?"

ಸಾಹುಕಾರನಲ್ಲಿ ಒಂದು ಗಳಿಗೆ, ಒಂದೇ ಗಳಿಗೆ, ನನ್ನ ಪಕ್ಕ ಕೂತು ಗಣಿತ ತಪ್ಪು ಬರೆದು ಸಿಕ್ಕಿಬಿದ್ದ ಹುಡುಗನ ಮುಖ ಕಂಡಿತು. ಅವನ ಕಣ್ಣಲ್ಲಿ ನಿಜವಾದ ನೀರು ಬಂತು. ಕೊಳಲಿಲ್ಲದೆ ಬಂದ ನೀರು. ಅಷ್ಟರಲ್ಲಿ ಆ ಹೆಣ್ಣುಮಗಳು, "ಸರ್, ಪ್ರಶ್ನೆ ಇಲ್ಲದೆ ಇನ್ನೊಂದು ಸಲ ತಗೊಳ್ಳೋಣ" ಎಂದಳು. ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡು ಕಾಲರ್ ಸರಿಮಾಡಿಕೊಂಡ. ಅವ್ವ ಇನ್ನೊಂದು ಸಲ ನಿಲ್ಲಲಿಲ್ಲ. ಸೀರೆಯನ್ನು ಮಡಿಕೆ ತಪ್ಪದಂತೆ ಮಡಚಿ ಅವನ ಕೈಗಿಟ್ಟು, "ನಡಿ" ಎಂದಳು ನನಗೆ.

ಟೀವಿಯಲ್ಲಿ ಇದೆಲ್ಲ ಬಂತು. ಗಲ್ಲ ಮುಟ್ಟಿದ್ದು ಬಂತು, ಅವನ ಕಣ್ಣೀರು ಬಂತು, ಅವ್ವನ ಮಾತಿನ ಜಾಗದಲ್ಲಿ ಕೊಳಲು ಬಂತು. ಕೆಳಗೆ 'ತಾಯಿಯ ಆಶೀರ್ವಾದ' ಎಂದು ಅಕ್ಷರಗಳು ಓಡಿದವು. ನೋಡಿದವರೆಲ್ಲ ಅತ್ತರಂತೆ.

ಆವತ್ತು ಮಂಟಪದಿಂದ ಮನೆಗೆ ಬಂದು ಅವ್ವನ ಕಾಲ ಬಳಿ ಕೂತೆ. ಹೇಳಬೇಕಾದ್ದನ್ನು ಹೇಳಲು ಬಾಯಿ ತೆರೆಯುವುದರೊಳಗೆ ಅವಳೇ ಅಂದಳು: "ನೀ ಫೋನಿನ್ಯಾಗ ಮಾತಾಡಿದ್ದು ನನಗ ಕೇಳಸಿತ್ತು. ಯಾರ ಅವ್ವ ಆದರೇನು ಅಂದಿ. ಕಣ್ಣಷ್ಟs ಹೋಗ್ಯಾವೋ, ಕಿವಿ ಅದಾವು. ನೀನs ಬಂದು ಹೇಳ್ತಿ ಅಂತ ದಾರಿ ಕಾದೆ."

ಕೋಲಿನಿಂದ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಾಯಿತು ಅವ್ವಾ, ಎಂದೆ. ಇನ್ನು ಹಾಸು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಮೂಲೆಮನೆಯ ನೇಕಾರ ಹಾಸಿನ ಗಂಟು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

"ಟೀವಿ ಮಂದಿ ಹೋದ್ರೇನ್ರಿ ಮಾಸ್ತರ?" ಎಂದು ಹೊರಗೊಮ್ಮೆ ನೋಡಿದ. "ಕ್ಯಾಮೆರಾ ಹಿಡಕೊಂಡು ಕುರುಡಿ ಯಾರು, ಕುರುಡಿ ಯಾರು ಅಂತ ಓಣಿ ತುಂಬ ಕೇಳಾಕತ್ತಿದ್ರು. ನಾ ಗಂಟು ಹೊತ್ಕೊಂಡು ಇಲ್ಲಿಗೆ ಬಂದ್ರ ಗುರ್ತ ಹತ್ತತೈತಿ ಅಂತ ಬರಲಿಲ್ಲ. ಓಣ್ಯಾಗ ಯಾರೂ ಹೇಳಿಲ್ಲ ನೋಡ್ರಿ. ಒಬ್ಬರೂ ಬಾಯಿ ಬಿಡಲಿಲ್ಲ."

ನಾನು ಹೊಸ್ತಿಲಿಗೆ ಹೋಗಿ ಕೇಳಿದೆ. "ಅವ್ವಗ ಕಾಣೂದಿಲ್ಲ ಅಂತ ನಿಮಗ ಗೊತ್ತಿತ್ತಾ?"

"ಅಯ್ಯ, ಓಣಿಗೆಲ್ಲಾ ಗೊತ್ತೈತ್ರಿ, ಐದಾರು ವರ್ಷಾತು. ಅದಕ್ಕs ಅಲ್ಲೇನ್ರಿ ನಾ ಬಣ್ಣಾ ಒದರಕೋತ ಬರೂದು?" ಎಂದು ನಕ್ಕ. "ಅಜ್ಜಿ ಕೊಂಡಿ ತಪ್ಪಿದ್ದು ಯಾರ ನೋಡ್ಯಾರ ಹೇಳ್ರಿ. ಕಣ್ಣಿಂದೇನ ಕೆಲಸ ಐತಿ ಅದರಾಗ?"

ಅಕ್ಷರ ಬಾರದವರು ತುಂಬಿದ ಓಣಿ ನಮ್ಮದು. ಅಷ್ಟೂ ಜನ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರು. ಕನ್ನಡ ಎಂ.ಎ. ಓದಿದ ಮಗ ನಾಲ್ಕು ಪುಟ ಬರೆದಿದ್ದ.

ಗೋಡೆಗೆ ಆನಿಸಿ ಕೂತಿದ್ದ ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಮುಖ ಸಣ್ಣ ಹುಡುಗಿಯ ಮುಖವಾಗಿತ್ತು. ಎರಡೂ ಕೈ ಮುಂದೆ ಚಾಚಿದಳು. ನೇಕಾರ ಗಂಟನ್ನು ಅವಳ ಮಡಿಲಿಗಿಟ್ಟು ಹಿಂದೆ ಸರಿದ.

"ಇವತ್ತ ಏನಪಾ ಒಡಲು? ಹೇಳಲೇ ಇಲ್ಲ?"

ನೇಕಾರ ನನ್ನ ಕಡೆ ನೋಡಿದ. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಮಾಸ್ತರು ಹೇಳ್ತಾರಜ್ಜೀ," ಎಂದು ಹೊರಟುಬಿಟ್ಟ.

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಒಂದು ಸಲವೂ ನಾನು ಅವಳಿಗೆ ಬಣ್ಣ ಹೇಳಿರಲಿಲ್ಲ. ಗಂಟು ಬಿಚ್ಚಿ, ಎಳೆಯ ತುದಿಯನ್ನು ಅವಳ ಬೆರಳಿಗೆ ಕೊಟ್ಟೆ.

"ನವಿಲುಗರಿ ಬಣ್ಣ ಐತಿ ಅವ್ವಾ," ಎಂದೆ.